ಜೌಗಿನ ಕಾಲುವೆ ಮುಚ್ಚಿದ್ದು

ಕಪ್ಪತಗುಡ್ಡದ ಅಡಿ, ಮುಂಡರಗಿ ತಾಲೂಕು
12 ಮಾರ್ಚ್ 1985

ಮುಮ್ತಾಜಳ ಅಬ್ಬಾ ಅವರಿಗೆ ದಾವಲಬಿಯ ಸಲಾಂ.

ನಿಮ್ಮ ಕಾಗದ ಮುಟ್ಟಿತು. ನಾನು ಗದಗಿಗೆ ಬಂದು ನಿಮ್ಮ ಗುತ್ತಿಗೆದಾರರ ಮುಂದೆ ತಪ್ಪಾಯಿತು ಎನ್ನಬೇಕಂತೆ. ಬರುವುದಿಲ್ಲ. ಏಕೆಂದು ಕೇಳಿರಿ.

ನೀಲಗಿರಿ ನೆಡಲು ನೆಲ ಒಣಗಬೇಕೆಂದು ಹೋದ ತಿಂಗಳು ನೀವು ಗುತ್ತಿಗೆದಾರರ ಮುಕಾದಮರಾಗಿ ಆಳು ಹಚ್ಚಿ ಕಾಡಿನ ಜೌಗಿಗೆ ಕಾಲುವೆ ಕಡಿಸಿದಿರಲ್ಲ, ಎಂಟೇ ದಿನದಲ್ಲಿ ನೀರೆಲ್ಲ ಹಳ್ಳಕ್ಕೆ ಹರಿದುಹೋಯಿತು. ಊರ ಬಾವಿಯ ಹಗ್ಗಕ್ಕೆ ಇನ್ನೆರಡು ಮಾರು ಜೋಡಿಸಿದೆವು. ನಾನು ಚಾಪೆ ಹೆಣೆಯುವ ಹುಲ್ಲು ನಿಂತಲ್ಲೇ ಹಳದಿಯಾಯಿತು. ಈಚೆಗೆ ಮಳೆ ಹೊತ್ತಿಗೆ ಸರಿಯಾಗಿ ಬರುವುದಿಲ್ಲ, ಬಿಸಿಲು ಮಾತ್ರ ವರ್ಷದಿಂದ ವರ್ಷಕ್ಕೆ ಏರುತ್ತಿದೆ. ನಮ್ಮನ್ನು ಬೇಸಿಗೆ ದಾಟಿಸುತ್ತಿದ್ದುದು ಆ ಜೌಗೊಂದೇ.

ಆಮೇಲೆ ಬೆಂಕಿ. ಯಾರೋ ಎಸೆದ ಬೀಡಿಗೆ ಒಣಗಿದ ಕರಿಮಣ್ಣೇ ಹೊತ್ತಿತು. ತಲೆತಲಾಂತರದಿಂದ ಹುಲ್ಲು, ಬೇರು ಕೊಳೆತು ಆದ ಮಣ್ಣು ಅದು. ಉರಿ ಕಾಣಲಿಲ್ಲ, ನೆಲದೊಳಗೇ ನಾಲ್ಕು ದಿನ ಹೊಗೆಯಾಡಿತು. ಮುಮ್ತಾಜ ಕೆಮ್ಮಿ ಕೆಮ್ಮಿ ಸೊರಗಿದಳು. ನೀವು ಗಾಬರಿಯಾದೀರೆಂದು ಇದನ್ನು ಬರೆದಿರಲಿಲ್ಲ.

ಐದನೆಯ ದಿನ ನಾನು, ಪಕ್ಕದ ಮನೆಯ ಸಿದ್ದಲಿಂಗವ್ವ, ಇನ್ನೂ ಒಂಬತ್ತು ಹೆಂಗಸರು ಸಲಿಕೆ ಹಿಡಿದು ಹೋದೆವು. ಹಾಡುಹಗಲೇ. ಕಲ್ಲು, ಹೆಂಟೆ, ಮುಳ್ಳುಕಂಟಿ ತುಂಬಿ ಕಾಲುವೆಯ ಬಾಯಿ ಕಟ್ಟುತ್ತಿದ್ದಾಗ ಗುತ್ತಿಗೆದಾರರ ಜೀಪು ಬಂತು.

"ಇದನ್ನ ಮುಚ್ಚಾಕ ಯಾರ ಹೇಳಿದ್ರು ನಿಮಗ?" ಎಂದು ಗದರಿದರು.

"ಬತ್ತಿದ ಬಾವಿ ಹೇಳೇತ್ರಿ," ಎಂದಳು ಸಿದ್ದಲಿಂಗವ್ವ.

"ಖಾಸಿಂಸಾಬನ ಹೇಂತಿ ಯಾರು ಇದರಾಗ? ನಾಳಿಂದ ಅವನ ಕೆಲಸ ಹೋತು ಅಂತ ತಿಳ್ಕೋರಿ."

ನಾನು ಸಲಿಕೆ ಕೆಳಗಿಟ್ಟೆ. ಕಾಲುವೆಗೆ ಇಳಿದು ಕುಳಿತೆ. "ನಾನ ರೀ ಆಕಿ. ಮತ್ತ ಕಡೀಬೇಕಂದ್ರ ಮೊದಲ ನನ್ನ ಎತ್ರಿ," ಎಂದೆ. ಉಳಿದವರೂ ಒಬ್ಬೊಬ್ಬರಾಗಿ ಇಳಿದರು. ಮಧ್ಯಾಹ್ನದವರೆಗೆ ಕಾದು ಜೀಪು ತಿರುಗಿ ಹೋಯಿತು.

ನಿಮ್ಮ ಮುಕಾದಮಿಕೆ ಹೋಗುತ್ತದೆಂದು ಗೊತ್ತಿದ್ದೇ ಕುಳಿತೆ. ನಿಮಗೆ ಆದ ಅವಮಾನಕ್ಕೆ ನನಗೆ ನೋವಿದೆ, ನಾನು ಮಾಡಿದ್ದಕ್ಕಲ್ಲ. ಈಗ ಒರತೆಯ ನೀರು ಪಾದ ಮುಳುಗುವಷ್ಟು ನಿಂತಿದೆ. ಹೊಗೆ ಆರಿದೆ. ಅವರು ಮತ್ತೆ ಬಂದರೆ ನಾವೂ ಮತ್ತೆ ಇಳಿಯುತ್ತೇವೆ.

ಬೇಡವೆಂದರೂ ಕೇಳದ ನಿಮ್ಮ
ದಾವಲಬಿ

ತಾ.ಕ.: ತಹಶೀಲ್ದಾರರಿಗೆ ಅರ್ಜಿ ಕೊಟ್ಟಿದ್ದೇವೆ. ಕಾಲುವೆ ಕಡಿಸಿದವರು ಯಾರೆಂದು ಬರೆಯಬೇಕಿತ್ತು. ನಿಮ್ಮ ಹೆಸರನ್ನು ನಾನೇ ಬರೆದೆ. ಇದೇ ಸೋಮವಾರ ವಿಚಾರಣೆ. ಗುತ್ತಿಗೆದಾರರ ಜೊತೆ ಬರುತ್ತೀರೋ, ನಮ್ಮ ಜೊತೆ ನಿಲ್ಲುತ್ತೀರೋ, ಊರೆಲ್ಲ ನೋಡುತ್ತದೆ. ಮುಮ್ತಾಜಳೂ ನನ್ನ ಜೊತೆ ಬರುತ್ತಾಳೆ.