ಮಿಷನ್ನಿನ ಕಣ್ಣಿಗೆ ಕುಂಕುಮ

ಲಗ್ಗೆರೆ
4 ಅಕ್ಟೋಬರ್ 2025, ಶನಿವಾರ

ಪ್ರೀತಿಯ ಪುಟ್ಟಲಕ್ಷ್ಮಿ ಅಕ್ಕನಿಗೆ ನಮಸ್ಕಾರ.

ಬಾಣಂತಿ, ಕೂಸು ಹೇಗಿದ್ದಾರೆ? ನಿನ್ನ ಮಂಡಿನೋವು ಕಡಿಮೆಯಾಯಿತೇ? ಮಗಳದು ಅತ್ತೆಯಿಲ್ಲದ ಮನೆ, ಎಲ್ಲ ನಿನ್ನ ಮೇಲೆಯೇ. ಎಳೆಕೂಸಿಗೆ ನೀರು ಹಾಕುವ ಭರದಲ್ಲಿ ನಿನ್ನ ಊಟ ಮರೆಯಬೇಡ, ನಿನ್ನ ಬುದ್ಧಿ ನನಗೆ ಗೊತ್ತು. ಫೋನಿನಲ್ಲಾದರೆ ಮಗಳು ಪಕ್ಕದಲ್ಲೇ ಕೇಳಿಸಿಕೊಳ್ಳುತ್ತಾಳೆ. ಅದಕ್ಕೇ ನಿನ್ನ ಅಳಿಯ ಅಮರೇಶನ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ.

ನೀನು ರಜೆ ಹಾಕಿ ಹೋದ ಮೂರನೇ ದಿನವೇ ರಾಜಾಜಿನಗರದ ನಮ್ಮ ಫ್ಯಾಕ್ಟರಿಗೆ ಆ ಹೊಸ ಮಿಷನ್ ಬಂತು. ಹದಿನೆಂಟು ವರ್ಷ ನಾವಿಬ್ಬರೂ ಕುಕ್ಕರಿನ ಗ್ಯಾಸ್ಕೆಟ್ಟನ್ನು ಬೆರಳುಗಳ ನಡುವೆ ಸುತ್ತು ತಿರುಗಿಸಿ ಸೀಳು ಹುಡುಕುತ್ತಿದ್ದೆವಲ್ಲ, ಅದೇ ಕೆಲಸವನ್ನು ಇದು ಕ್ಯಾಮೆರಾದಲ್ಲಿ ನೋಡಿ ಕ್ಷಣದಲ್ಲಿ ಮುಗಿಸುತ್ತದೆ. ಸುಳ್ಳೇಕೆ ಹೇಳಲಿ, ಚೆನ್ನಾಗಿಯೇ ನೋಡುತ್ತದೆ. ಹೊಟ್ಟೆ ಉರಿಯುವುದೂ ಅದಕ್ಕೇ. ನಮ್ಮ ಗ್ಯಾಸ್ಕೆಟ್ ಕೊಳ್ಳುವ ಕುಕ್ಕರ್ ಕಂಪನಿಯವರು ಬಂದು ನೋಡಿ ಒಪ್ಪಿದರೆ ಏಳು ಹೆಂಗಸರಲ್ಲಿ ಒಬ್ಬಳು ಸಾಕು ಎಂದರು ಮಾಲೀಕರು, ಚನ್ನಕೇಶವ ಸಾರ್. ರಜೆಯಲ್ಲಿರುವ ನಿನ್ನ ಹೆಸರನ್ನು ಅವರು ಎತ್ತಲೇ ಇಲ್ಲ.

ಬುಧವಾರ ಆಯುಧಪೂಜೆ. ಪ್ರತಿವರ್ಷದಂತೆ ವಾಚ್‌ಮನ್ ಮುನಿಯಣ್ಣ ಎಲ್ಲ ಮಿಷನ್ನುಗಳಿಗೂ ವಿಭೂತಿ ಬಳಿದ. ಅವನ ಹಿಂದೆಯೇ ನಾನು ಕುಂಕುಮದ ಬಟ್ಟಲು ಹಿಡಿದು ಬೊಟ್ಟಿಡುತ್ತಾ ಹೋದೆ. ಹೊಸದರ ಕ್ಯಾಮೆರಾ ಗಾಜಿನ ಮೇಲೂ ಒಂದು ಬೊಟ್ಟು ಬಿತ್ತು. ಗುರುವಾರ ರಜೆ. ನಿನ್ನೆ ಕಂಪನಿಯವರ ಎದುರಿಗೇ ಅದು ಒಳ್ಳೆಯದು ಕೆಟ್ಟದ್ದು ನೋಡದೆ, ಇಟ್ಟದ್ದನ್ನೆಲ್ಲ ರಿಜೆಕ್ಟ್ ಡಬ್ಬಕ್ಕೆ ತಳ್ಳಿತು. ಸೋಮವಾರ ಮತ್ತೆ ಬರುತ್ತೇವೆಂದು ಅವರು ಎದ್ದು ಹೋದರು. ಆಮೇಲೆ ಗಾಜು ನೋಡಿದ ಸಾರ್, ಇದನ್ನು ಇಟ್ಟವರು ಯಾರೆಂದು ಕೂಗಾಡಿದರು. ನಾನು ರಿಜೆಕ್ಟ್ ಡಬ್ಬದ ಗ್ಯಾಸ್ಕೆಟ್ಟುಗಳನ್ನು ಆರಿಸುತ್ತಾ ಕೂತೆ. ಮುನಿಯಣ್ಣ ನನ್ನ ಮುಖವನ್ನೊಮ್ಮೆ ನೋಡಿ, "ನಾನೇ ಸಾರ್. ವಯಸ್ಸಾಯ್ತು, ಕಣ್ಣು ಸರಿಯಾಗ್ ಕಾಣಲ್ಲ" ಅಂದ. ಸೋಮವಾರದಿಂದ ಬರಬೇಡ ಅಂದುಬಿಟ್ಟರು ಅವನಿಗೆ. ಸಂಜೆ ನನ್ನನ್ನು ಕರೆದು, ಮಿಷನ್ ಪಕ್ಕ ಉಳಿಯುವ ಒಬ್ಬಳು ನೀನೇ ಎಂದರು.

ಕೂಸಿಗೆ ನನ್ನ ಲೆಕ್ಕದಲ್ಲಿ ಒಂದು ಸಲ ದೃಷ್ಟಿ ತೆಗೆ. ಮಗಳಿಗೆ ಚಿಕ್ಕಮ್ಮನ ಆಶೀರ್ವಾದ ಹೇಳು.

ನಿನ್ನ ತಂಗಿ,
ಶಶಿಕಲಾ

ತಾ.ಕ.: ಅಮರೇಶ ಹೊರಟು ನಿಂತಿದ್ದಾನೆ. ಆ ಬೊಟ್ಟು ತಾನಾಗಿ ಬಿದ್ದದ್ದಲ್ಲ ಅಕ್ಕ, ಬೇಕೆಂದೇ ಇಟ್ಟೆ. ಗಾಜಿಗೆ ಮಾತ್ರ ಇಡಬೇಡಮ್ಮ ಎಂದು ಮುನಿಯಣ್ಣ ಹೇಳಿದ್ದ. ಸೋಮವಾರ ಬೆಳಿಗ್ಗೆ ಸಾರ್ ಎದುರು ಒಪ್ಪಿಕೊಳ್ಳುತ್ತೇನೆ, ನನ್ನ ಜಾಗ ಖಾಲಿಯಾಗುತ್ತದೆ. ಆ ಜಾಗ ಕೇಳಲು ನೀನು ಹೇಗಾದರೂ ಎಂಟು ಗಂಟೆಗೆ ಗೇಟಿನ ಹತ್ತಿರ ಇರು. ನನ್ನ ಪರವಾಗಿ ಮಾತ್ರ ಒಂದು ಮಾತೂ ಆಡಬೇಡ.