ದೇವರ ಮೂಲೆಯ ಕಪ್ಪು ಚೌಕ

ಜನವರಿ 9, ಶುಕ್ರವಾರ

ಬೆಳಿಗ್ಗೆ ದೇವರ ದೀಪಕ್ಕೆ ಎಣ್ಣೆ ಹಾಕಲು ಹೋದೆ. ಹಾಲ್‌ನ ಮೂಲೆಯಲ್ಲಿ ಕೃಷ್ಣನ ಫೋಟೊ ಇಲ್ಲ. ಅಲ್ಲಿ, ಸೀಲಿಂಗ್‌ಗೆ ತಾಗುವಷ್ಟು ಎತ್ತರದಲ್ಲಿ, ಒಂದು ಬಿಳಿ ಕ್ಯಾನ್ವಾಸ್. ನಡುವೆ ಕಪ್ಪು ಚೌಕ. ಬೇರೆ ಏನೂ ಇಲ್ಲ.

ನಾನು ಕೆಲಸಕ್ಕಿರುವ ಮನೆಯ ಸ್ಪಂದನಾ ಅಕ್ಕ ಬರೆದದ್ದು. ಆಸ್ಪತ್ರೆಯಿಂದ ಬಂದ ಮೇಲೆ ಬ್ರಷ್ ಹಿಡಿದದ್ದು ಇದೇ ಮೊದಲು.

ಬಾಣಂತನಕ್ಕೆಂದು ಮೈಸೂರಿನಿಂದ ಬಂದ ಅವರ ತಾಯಿ ನಾಗರತ್ನಮ್ಮ ನೋಡಿ ಅಲ್ಲೇ ಕುಳಿತುಬಿಟ್ಟರು. "ದೇವರನ್ನ ಇಳಿಸಿ ಮಸಿಬಟ್ಟೆ ನೇತು ಹಾಕಿದೀಯಲ್ಲೇ."

ನಾನು ಎಣ್ಣೆ ಬಾಟಲಿ ಹಿಡಿದು ನಿಂತೇ ಇದ್ದೆ.

ಜನವರಿ 11

ನೆಲ ಒರೆಸುವಾಗ ಅಕ್ಕ ತಾವಾಗಿಯೇ ಹೇಳಿದರು. ಮೊದಲು ಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದವರು. ಇದು ಕಾಪಿಯಂತೆ. ನಿಜವಾದದ್ದು ರಷ್ಯಾದ್ದು, ನೂರು ವರ್ಷಕ್ಕೂ ಹಿಂದಿನದು. ಅಲ್ಲಿಯವರೆಗೆ ಚಿತ್ರ ಅಂದರೆ ಮನುಷ್ಯ, ಮರ, ಹಣ್ಣು — ಯಾವುದಾದರೊಂದರ ಚಿತ್ರ. ಇದು ಯಾವುದರದ್ದೂ ಅಲ್ಲ. ಅಲ್ಲಿನವರು ದೇವರನ್ನಿಡುವ ಮೂಲೆಯಲ್ಲೇ ಇದನ್ನು ಎತ್ತರಕ್ಕೆ ಹಾಕಿ ತೋರಿಸಿದ್ದರಂತೆ. ಜನ ನಕ್ಕರು, ಬೈದರು. ಆಮೇಲೆ ಬಂದ ಚಿತ್ರಕಾರರಿಗೆ ಮಾತ್ರ ಹೊಸ ದಾರಿ ತೆರೆಯಿತು. ಈಗ ಮಾಡರ್ನ್ ಆರ್ಟ್ ಪಾಠ ಇದನ್ನು ಬಿಟ್ಟು ಆಗುವುದಿಲ್ಲವಂತೆ.

ಐದನೇ ಕ್ಲಾಸಿಗೇ ಸ್ಕೂಲು ಬಿಟ್ಟ ನನಗೆ ಅರ್ಧ ಅರ್ಥವಾಯಿತು. ಇದನ್ನೇ ಯಾಕೆ ಬರೆದಿರಿ ಎಂದು ಕೇಳಿಬಿಟ್ಟೆ.

"ನನ್ನ ಮಗಳನ್ನ ನಾನು ನೋಡೇ ಇಲ್ವಲ್ಲ ತೃಪ್ತಿ. ಏನಂತ ಬರೀಲಿ?"

ನೀರು ಬದಲಿಸುವ ನೆಪದಲ್ಲಿ ಒಳಗೆ ಹೋದೆ.

ಜನವರಿ 12

ಕುವೈತ್‌ಗೆ, ಸಲ್ವಾದ ಈ ಮನೆಗೆ, ನನ್ನನ್ನು ಕರೆಸಿದ್ದೇ ಮಗುವಿಗಾಗಿ. ಹೆರಿಗೆಯಾದಾಗಿನಿಂದ ಅಕ್ಕ ಐಸಿಯುನಲ್ಲಿ, ಎಚ್ಚರವಿಲ್ಲದೆ. ಅವರ ಗಂಡ ಶ್ಯಾಮಸುಂದರ್ ಅಣ್ಣ ಅಲ್ಲೇ ಹೊರಗೆ. ಮಗುವನ್ನು ಮನೆಗೆ ಕಳಿಸಿದರು. ನನ್ನ ಮಡಿಲಲ್ಲೇ ಮಲಗುತ್ತಿದ್ದಳು. ಆಮೇಲೆ ಜ್ವರ... ಮತ್ತೆ ಆಸ್ಪತ್ರೆ. ಅಣ್ಣ ಒಬ್ಬರೇ ಹೋಗಿ ಮಣ್ಣು ಮಾಡಿ ಬಂದರು. ಅಕ್ಕನಿಗೆ ಎಚ್ಚರವಾದಾಗ ಎಲ್ಲ ಮುಗಿದಿತ್ತು.

ಮಗುವಿನ ಒಂದು ಫೋಟೊವೂ ಇಲ್ಲ. ಹನ್ನೊಂದು ದಿನ ಕಳೆಯದೆ ತೆಗೆಯಬಾರದು, ದೃಷ್ಟಿಯಾಗುತ್ತದೆ ಎಂದು ಅಕ್ಕನ ಅಮ್ಮ ಬಿಟ್ಟಿರಲಿಲ್ಲ.

ಇವತ್ತು ಅಡುಗೆಮನೆಯಲ್ಲಿ ಅಮ್ಮ ನನ್ನ ಕೈ ಹಿಡಿದರು. "ಮಗು ಹಾಗಿತ್ತು ಹೀಗಿತ್ತು ಅಂತ ಅವಳ ಹತ್ರ ಬಾಯಿ ಬಿಡಬೇಡ್ವೆ. ಗೊತ್ತಾದ್ರೆ ಮರೆಯೋಕಾಗಲ್ಲ."

ಆಯಿತಮ್ಮ ಎಂದೆ.

ಜನವರಿ 20

ಅಣ್ಣ ಕರೆದರು. ನೋಡಿಕೊಳ್ಳಲು ಮಗುವಿಲ್ಲ. ಇಲ್ಲಿರಲು ಬೇಕಾದ ಪರವಾನಗಿ, ಇಕಾಮಾ, ಕ್ಯಾನ್ಸಲ್. ಗುರುವಾರ ಮಂಗಳೂರು ಫ್ಲೈಟ್. ತಲೆ ಎತ್ತದೆಯೇ ಹೇಳಿದರು. ಪಾಪ.

ಇಲ್ಲೇ ಕುವೈತಿನ ಅಬ್ಬಾಸಿಯಾದಿಂದ ಗೆಳತಿ ಲಿಜ್ಜಿಯ ಫೋನ್. "ಬೇರೆ ಮನೆ ಉಂಟು ಮಾರಾಯ್ತಿ, ಸಣ್ಣ ಬಾಲೆ ನೋಡಿಕೊಳ್ಳಲಿಕ್ಕೆ." ಬೇಡ ಎಂದೆ.

ನಾನು ಹೋದರೆ ಅಕ್ಕನಿಗೆ ಮಗು ಹೇಗಿತ್ತೆಂದು ಹೇಳುವವರು ಯಾರೂ ಇಲ್ಲ. ಆದರೆ ಅಮ್ಮನಿಗೆ ಮಾತು ಕೊಟ್ಟಿದ್ದೇನೆ.

ಜನವರಿ 22, ಮಧ್ಯಾಹ್ನ

ಬ್ಯಾಗ್ ಕಟ್ಟಿಯಾಯಿತು. ಅಮ್ಮ ಸ್ನಾನಕ್ಕೆ ಹೋಗಿದ್ದರು. ಅಕ್ಕ ಚಿತ್ರದ ಕೆಳಗೆ ಕುರ್ಚಿ ಹಾಕಿ ಕುಳಿತಿದ್ದರು. ಬರುತ್ತೇನೆ ಎನ್ನಲು ಬಾಯಿ ತೆರೆದೆ. ಬೇರೆ ಬಂತು.

"ಎಡಗಣ್ಣು ಮೊದಲು ಬಿಡ್ತಿದ್ದಳು ಅಕ್ಕಾ. ಇನ್ನೊಂದು ಸ್ವಲ್ಪ ಹೊತ್ತಾದ ಮೇಲೆ."

ಅಕ್ಕ ಕುರ್ಚಿಯನ್ನು ನನ್ನ ಕಡೆ ತಿರುಗಿಸಿದರು. "ಮತ್ತೆ?"

ಬಲಗಿವಿಯ ತುದಿ ಮಡಚಿತ್ತು ಎಂದೆ. ಸೀನಿದರೆ ಯಾರೋ ಬೈದ ಹಾಗೆ ಸಿಟ್ಟಾಗುತ್ತಿದ್ದಳು ಎಂದೆ. ಅಕ್ಕ ನಕ್ಕರು. ಆ ನಗುವನ್ನು ನೋಡಲಾಗಲಿಲ್ಲ.

ಏನಂತ ಕರೆಯುತ್ತಿದ್ದೆ ಎಂದು ಕೇಳಿದರು. ಹೆಸರಿಡುವುದು ನನ್ನ ಕೆಲಸವಲ್ಲ. ಆದರೂ ಒಂದು ಇಟ್ಟಿದ್ದೆ, ಯಾರಿಗೂ ಕೇಳಿಸದ ಹಾಗೆ. ಅಕ್ಕನ ಕಿವಿಯಲ್ಲಿ ಹೇಳಿದೆ. ಇನ್ನು ಅದು ಅವರದ್ದು. ಇಲ್ಲಿಯೂ ಬರೆಯುವುದಿಲ್ಲ.

ಅಕ್ಕ ಒಮ್ಮೆ ಮೆಲ್ಲಗೆ ಕರೆದು ನೋಡಿದರು. ಇಬ್ಬರೂ ಒಳಗಿನ ಕೋಣೆಯ ಕಡೆ, ಮಗು ಎದ್ದಿತೇನೋ ಎಂಬಂತೆ, ತಿರುಗಿ ನೋಡಿದೆವು.