ಸಳಿ ಕಟ್ಟಿದವರ ಕೂಲಿ

ಮುಶಿಗೇರಿ
೨ ಫೆಬ್ರವರಿ ೨೦೨೫, ರವಿವಾರ

ಮಗಳು ಶ್ವೇತಾಳಿಗೆ ನಿನ್ನವ್ವ ನೀಲವ್ವ ಮಾಡುವ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮವಾಗಿದ್ದೇವೆ. ಸೂಡಿಯಲ್ಲಿ ನೀನು, ಅಳಿಯಂದಿರು, ನಿಮ್ಮ ಅತ್ತೆಯವರು ಆರಾಮ ಇದ್ದೀರಿ ಎಂದು ನಂಬಿದ್ದೇನೆ. ಈ ಕಾಗದವನ್ನು ದೀಪಾವಳಿಗೇ ಬರೆಯಬೇಕಿತ್ತು. ಇವತ್ತು ಫೋನ್ ಎತ್ತುತ್ತೀ, ನಾಳೆ ಎತ್ತುತ್ತೀ ಎಂದು ಕಾಯುತ್ತ ತಡಮಾಡಿದೆ, ಸಿಟ್ಟಾಗಬೇಡ. ಏಳನೆಯ ಇಯತ್ತೆಗೆ ಸಾಲೆ ಬಿಟ್ಟವಳ ಅಕ್ಷರ, ಓದಲು ತ್ರಾಸಾದೀತು. ಆದರೆ ಫೋನನ್ನು ಹೆಸರು ನೋಡಿಯೇ ಬಂದ್ ಮಾಡಬಹುದು. ಕಾಗದವನ್ನಾದರೆ ಹರಿದು ಹಾಕುವವರೂ ಮೊದಲು ಒಂದು ಸಲ ಓದುತ್ತಾರೆ. ಆ ಧೈರ್ಯದ ಮೇಲೆ ಕುಳಿತಿದ್ದೇನೆ.

ಈ ವರ್ಷ ಕಡಲೆ ಚಲೋ ಬಂದಿದೆ. ನಿಮ್ಮಪ್ಪ ಇಬ್ಬನಿ ಆರುವ ಮೊದಲೇ ಕೀಳಲು ಹೋಗುತ್ತಾರೆ. ಮೊಣಕಾಲು ನೋವು ಎನ್ನುತ್ತಾರೆ, ಹೋಗುವುದನ್ನು ಮಾತ್ರ ಬಿಡುವುದಿಲ್ಲ. ಗಜೇಂದ್ರಗಡದ ಬಸ್ಸು ಈಗ ಹೊಸ ಸೇತುವೆಯ ಮೇಲೆ ಹಾಯುತ್ತಿದೆ. ಇನ್ನು ಮಳೆಗಾಲದಲ್ಲಿ ಹಳ್ಳ ಇಳಿಯುವವರೆಗೆ ದಂಡೆಯಲ್ಲಿ ನಿಂತು ಕಾಯುವುದು ತಪ್ಪಿತು. ಮೊದಲ ಸಲ ಬಸ್ಸಿನಲ್ಲಿ ಕುಳಿತು ಅದನ್ನು ದಾಟಿದಾಗ ಪಕ್ಕದಲ್ಲಿದ್ದ ಹೆಣ್ಣುಮಗಳಿಗೆ, "ಇದರಾಗಿನ ಕಬ್ಬಿಣದ ಸಳಿ ನಾವು ಕಟ್ಟಿದ್ದವ್ವಾ" ಎಂದೆ. ಆಕೆ ನನ್ನ ಮುಖ ನೋಡಿ ನಕ್ಕಳು, ನಂಬಿದ ಹಾಗೆ ಕಾಣಲಿಲ್ಲ.

ಆ ಕೆಲಸದಲ್ಲಿ ಏನಾಯಿತೆಂದು ನೀನು ಒಬ್ಬರ ಬಾಯಿಂದ ಕೇಳಿರುವೆ. ನನ್ನ ಬಾಯಿಂದಲೂ ಕೇಳು, ಶ್ವೇತಾ. ಆಮೇಲೆ ನಿನಗೆ ತಿಳಿದದ್ದು ಮಾಡು.

ನನ್ನನ್ನು ಆ ಕೆಲಸಕ್ಕೆ ಹಚ್ಚಿದವರೇ ಅಳಿಯಂದಿರು. ಗುತ್ತೇದಾರನ ಹತ್ತಿರ ಸೂಪರ್‌ವೈಸರ್ ಆಗಿದ್ದರಲ್ಲ, ಆಳುಗಳ ಹಾಜರಿ ಬರೆಯುವುದು ಅವರದೇ ಕೆಲಸ. "ಅತ್ತೀ, ದೂರ ಎಲ್ಲೆರೆ ಯಾಕ ಹೋಗ್ತೀರಿ? ಊರ ಮುಂದನ ಸರಕಾರಿ ರಸ್ತೆ ಕೆಲಸ ನಡದೈತಿ, ಬರ್ರಿ" ಎಂದರು. ಆ ಮಾತಿನಲ್ಲಿ ಪ್ರೀತಿ ಇತ್ತು. ಅದನ್ನು ನಾನು ಮರೆತಿಲ್ಲ. ನಾನೂ ಪಕ್ಕದ ಮನೆಯ ಶರೀಫಾಬಿಯೂ ಕೂಡಿ ಹೋದೆವು. ಮೊದಲು ಬುಟ್ಟಿಯಲ್ಲಿ ಖಡಿಕಲ್ಲು ಹೊತ್ತೆವು. ಶ್ರಾವಣದಲ್ಲಿ ಸಳಿ ಕಟ್ಟುವ ಗಂಡಾಳುಗಳು ಊರಿಗೆ ಹೋದವರು ತಿರುಗಿ ಬರಲೇ ಇಲ್ಲ. ಸೇತುವೆ ಕೆಲಸ ನಿಂತಿತು. ಆಗ ಮೇಸ್ತ್ರಿ ಮುರ್ತುಜಾಸಾಬರು ನಮ್ಮಿಬ್ಬರನ್ನು ಕರೆದು ಸಳಿ ಬಗ್ಗಿಸುವುದು, ತಂತಿ ಬಿಗಿಯುವುದು ಎಲ್ಲ ಕಲಿಸಿದರು. ಮೊದಮೊದಲು ತಂತಿ ಬೆರಳಿಗೆ ಹೊಕ್ಕು ರಾತ್ರಿ ರೊಟ್ಟಿ ತಟ್ಟಲಾಗುತ್ತಿರಲಿಲ್ಲ. ಬರಬರುತ್ತ ಕೈಗೆ ಬಂತು. ಚಂದವೂ ಅನಿಸಿತು. ಮಾಡಿದ ಕೆಲಸ ಕಣ್ಣೆದುರು ಎದ್ದು ನಿಲ್ಲುತ್ತಿತ್ತು.

ಕೂಲಿ ಮಾತ್ರ ಬುಟ್ಟಿ ಹೊರುವವರದೇ ಬಂತು. ಒಂದು ದಿನ ಚಹಾ ಕುಡಿಯುತ್ತ ಮುರ್ತುಜಾಸಾಬರೇ ಹೇಳಿದರು: "ಇದು ಸರಕಾರದ ರೊಕ್ಕದ ರಸ್ತೆ ನೀಲವ್ವಾ. ಯಾವ ಕೆಲಸಕ್ಕ ಎಷ್ಟಕ್ಕಿಂತ ಕಡಿಮಿ ಕೂಲಿ ಕೊಡಬಾರದು ಅಂತ ಸರಕಾರನ ಗೊತ್ತು ಮಾಡಿರ್ತೈತಿ. ಸಳಿ ಕಟ್ಟೂದು ಕುಶಲ ಕೆಲಸ. ಗಂಡಸಿಗೆ ಒಂದು, ಹೆಂಗಸಿಗೆ ಒಂದು ಅಂತ ಅದರಾಗ ಇಲ್ಲ."

ನಾನು ಅಳಿಯಂದಿರನ್ನು ಕೇಳಿದೆ. ಅವರು ಸುಳ್ಳು ಹೇಳಲಿಲ್ಲ. "ಖರೇ ಐತ್ರಿ ಅತ್ತೀ. ಆದ್ರ ಹೆಣ್ಣಾಳಿನ ಹೆಸರಿನ ಮುಂದ ಕುಶಲ ಅಂತ ಬರದ್ರ ಗುತ್ತೇದಾರ ಮರುದಿನನ ನನ್ನ ಮನಿಗೆ ಕಳಸ್ತಾನ" ಎಂದರು. ಕೂಲಿಗಿಂತ ಮಗಳ ಸಂಸಾರ ದೊಡ್ಡದು, ಹೆಚ್ಚುಕಡಿಮೆ ಆದರೆ ಆಗಲಿ ಎಂದು ಸುಮ್ಮನಾದೆ. ಶರೀಫಾಬಿಯನ್ನೂ ಸುಮ್ಮನಿರಿಸಿದೆ.

ದಸರೆಯ ಮುಂದೆ ಸಳಿಯ ಕಟ್ಟು ಜಾರಿ ಶರೀಫಾಬಿಯ ಬಲಗೈ ಮೇಲೆ ಬಿತ್ತು. ಗಜೇಂದ್ರಗಡದ ದವಾಖಾನೆಗೆ ಒಯ್ದೆವು. ಕೈ ಉಳಿಯಿತು, ಆದರೆ ಎರಡು ಬೆರಳು ಇಂದಿಗೂ ಮಡಚುವುದಿಲ್ಲ. ಪೆಟ್ಟಾದ ಸುದ್ದಿ ಗದಗಿಗೆ ಮುಟ್ಟಿ, ಕಾರ್ಮಿಕ ಇಲಾಖೆಯ ಮೇಡಂ ಒಬ್ಬರು ವಿಚಾರಣೆಗೆ ಬರುತ್ತಾರೆ ಎಂದಾಯಿತು.

ಅದರ ಹಿಂದಿನ ಸಂಜೆ ಅಳಿಯಂದಿರು ಮನೆಗೆ ಬಂದರು. ಕೊಟ್ಟ ಚಹಾ ಮುಟ್ಟಲಿಲ್ಲ.

"ಅತ್ತೀ, ಮೇಡಂ ಕೇಳಿದ್ರ ಬುಟ್ಟಿ ಹೊರತೀವಿ ಅಂತ ಹೇಳ್ರಿ. ಇಬ್ರೂ ಹಂಗ ಹೇಳ್ರಿ. ಅಷ್ಟ ಸಾಕು."

"ಶರೀಫಾನ ಪರಿಹಾರದ ಗತಿ ಏನ್ರಿ? ಅದನೂ ಹಾಜರಿ ಪುಸ್ತಕದಾಗ ಬರದ ಕೂಲಿ ಮ್ಯಾಲೇ ಕೊಡ್ತಾರಂತ."

"ಗುತ್ತೇದಾರನ ಕೈಲೆ ಏನರ ಕೊಡಸ್ತೇನ್ರಿ. ನನ್ನ ನೌಕರಿ ಉಳಸ್ರಿ."

ನಾನು ಹೂಂ ಎಂದೆ. ಮಾತು ಕೊಟ್ಟದ್ದು ಖರೇ. ಇಡೀ ಮಾತನ್ನು ಶರೀಫಾಬಿಗೂ ಹೇಳಿದೆ. ಆಕೆ, "ಊಟ ಆತೇನು ನೀಲಕ್ಕಾ?" ಎಂದಳಷ್ಟೇ.

ಮರುದಿನ ಬೇವಿನ ಗಿಡದ ಕೆಳಗೆ ಕುರ್ಚಿ ಹಾಕಿದ್ದರು. ಮೊದಲು ಶರೀಫಾಬಿಯನ್ನು ಕರೆದರು. ನಾನು ಬೆನ್ನಹಿಂದೆಯೇ ನಿಂತಿದ್ದೆ.

"ಏನ್ ಕೆಲಸ ಮಾಡ್ತಿದ್ರಿ?" ಎಂದರು ಮೇಡಂ.

"ಬುಟ್ಟಿ ಹೊರತಿದ್ದೆರಿ."

"ಮತ್ತ ಕೈ ಮ್ಯಾಲೆ ಸಳಿ ಹ್ಯಾಂಗ ಬಿತ್ತು?"

"ಹಂಗ ಹಾದು ಹೋಗಾಕತ್ತಿದ್ದೆರಿ. ನಂದ ತಪ್ಪರಿ, ನೋಡಿ ನಡೀಲಿಲ್ಲ."

ಹಾಗೆಂದವಳು ಪಟ್ಟಿ ಕಟ್ಟಿದ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ನನ್ನ ಕಡೆ ತಿರುಗಿದಳು. 'ಸಾಕಾತಿಲ್ಲೋ?' ಎಂದು ಕೇಳುವಂತೆ. ಶ್ವೇತಾ, ಆಕೆ ತನ್ನ ಕೈಯ ಬೆಲೆಯನ್ನು ನನ್ನ ಮಗಳ ಮನೆಗೆ ಕೊಟ್ಟುಬಿಟ್ಟಿದ್ದಳು. ನಾನು ಕೇಳಿದ್ದೆ, ಕೊಟ್ಟಳು. ನನ್ನ ಪಾಲಿನದನ್ನು ನಾನು ಬಿಡಬಹುದಿತ್ತು, ಬಿಟ್ಟೂ ಇದ್ದೆ. ಆಕೆಯದನ್ನು ಬಿಟ್ಟುಕೊಡಲು ನಾನ್ಯಾರು?

"ಆಕಿ ಸುಳ್ಳ ಹೇಳಾಕತ್ತಾಳ್ರಿ ಮೇಡಂ" ಎಂದೆ. "ನನ್ನ ಸಲುವಾಗಿ. ನಾವಿಬ್ರೂ ಸಳಿ ಕಟ್ಟೇವ್ರಿ. ಈ ಸೇತುವಿ ಸಳಿ ಅರ್ಧಕ್ಕರ್ಧ ನಮ್ಮ ಕೈಯಾಗಿಂದು."

"ಹಾಜರಿ ಬರದವರು ಯಾರು?"

ಅಳಿಯಂದಿರು ಅಲ್ಲೇ ನಿಂತಿದ್ದರು.

"ಬರದ ಕೈ ನನ್ನ ಅಳಿಯಂದ್ರದು. ಬರಸಿದ ಬಾಯಿ ಬ್ಯಾರೆ."

ಗುತ್ತೇದಾರ ಎದ್ದು, "ನಾ ಏನೂ ಹೇಳಿಲ್ರಿ, ಇವನೇ ತಿಳೀಲಾರದ ಬರದಾನ" ಎಂದ. ಮೇಡಂ ಅಳಿಯಂದಿರನ್ನು ಕೇಳಿದರು: "ನೀವ ಹೇಳ್ರಿ. ನಿಮಗ ಯಾರು ಹೇಳಿದ್ರು?" ಅವರು ನೆಲ ನೋಡುತ್ತ ನಿಂತರು. ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ. ನಾನು ಅವರನ್ನು ಬಯ್ಯುವುದಿಲ್ಲ. ಬೇರೆಯವರ ಕೈಕೆಳಗೆ ದುಡಿಯುವವರ ಬಾಯಿ ಹಾಗೆಯೇ ಕಟ್ಟುತ್ತದೆ. ಹಿಂದಿನ ಸಂಜೆ ನನ್ನದೂ ಕಟ್ಟಿರಲಿಲ್ಲವೇ?

ಅಂದೇ ಗುತ್ತೇದಾರ ಅವರನ್ನು ಕೆಲಸದಿಂದ ತೆಗೆದ. ನಾನು ಸಂಜೆ ಅವರ ಹಿಂದೆ ಬಸ್‌ಸ್ಟ್ಯಾಂಡಿನವರೆಗೆ ಹೋದೆ. "ಅತ್ತೀ, ನೀವು ಮಾತು ಕೊಟ್ಟಿದ್ರಿ" ಎಂದರು. ಜೋರು ಮಾಡಲಿಲ್ಲ. ಜೋರು ಮಾಡಿದ್ದರೆ ನನಗೆ ಹಗುರಾಗುತ್ತಿತ್ತು.

ಸಂಕ್ರಮಣದ ಹೊತ್ತಿಗೆ ಆದೇಶವಾಯಿತು. ಸಳಿ ಕಟ್ಟಿದ ಹೆಂಗಸರಿಗೆಲ್ಲ ಕಲಿತ ದಿನದಿಂದ ಲೆಕ್ಕ ಹಿಡಿದು ಆ ಕೆಲಸದ ಕೂಲಿ ಕೊಡಬೇಕು, ಗುತ್ತೇದಾರ ಕೊಡದಿದ್ದರೆ ರಸ್ತೆ ಮಾಡಿಸುವ ಇಲಾಖೆಯೇ ಕೊಟ್ಟು ಅವನ ಬಿಲ್ಲಿನಲ್ಲಿ ಮುರಿದುಕೊಳ್ಳಬೇಕು ಎಂದು. ಅವನೇ ಕೊಟ್ಟ. ಶರೀಫಾಬಿಯ ಪರಿಹಾರವನ್ನೂ ಅದೇ ಕೂಲಿಯ ಮೇಲೆ ಕಟ್ಟುತ್ತಾರಂತೆ. ಬೆರಳಿನ ಆಪರೇಶನ್‌ಗೆ ಆಕೆ ಮುಂದಿನ ತಿಂಗಳು ಹುಬ್ಬಳ್ಳಿಗೆ ಹೋಗುತ್ತಾಳೆ. ನಾನು ಜೊತೆಗೆ ಹೋಗುತ್ತೇನೆ. ಈಗ ನರಗುಂದದ ಕಡೆಯ ಕೆಲಸಕ್ಕೆ ನಮ್ಮನ್ನು ನೋಡಿ ಕಲಿತ ನಮ್ಮೂರಿನ ಹೊನ್ನವ್ವ ಮತ್ತು ಇನ್ನಿಬ್ಬರು ಸಳಿ ಕಟ್ಟುವವರೆಂದೇ ಹೋಗುತ್ತಿದ್ದಾರೆ, ಹಾಗೆಯೇ ಬರೆಸಿಕೊಂಡು.

ನನ್ನ ಪಾಲಿನ ಹಣವನ್ನು ನಿನಗೆ ಕಳಿಸಬೇಕೆಂದು ಬ್ಯಾಂಕಿನ ಬಾಗಿಲಿಗೆ ಹೋಗಿ ತಿರುಗಿ ಬಂದೆ. ಅಳಿಯಂದಿರಿಗೆ ಅದು ಚುಚ್ಚಿದ ಹಾಗಾದೀತು. ಅದರ ಬದಲು ಒಂದು ಮಾತು: ಕೊಣ್ಣೂರಿನ ಹೊಳೆಯ ಹತ್ತಿರ ಹೊಸ ಕೆಲಸ ಸುರುವಾಗಿದೆ. ಗುತ್ತೇದಾರ ಬೇರೆ. ಮುರ್ತುಜಾಸಾಬರು ಅಲ್ಲೇ ಮೇಸ್ತ್ರಿ. "ನಿನ್ನ ಅಳಿಯ ಸಂಗನಬಸವನ್ನ ಕಳಸು ನೀಲವ್ವಾ. ಹುಡುಗ ಚಲೋ ಅದಾನ, ಅವತ್ತ ಅಂಜಿದ ಅಷ್ಟ" ಎಂದಿದ್ದಾರೆ. ಹೇಳಿದವಳು ನಾನೆಂದು ತಿಳಿಸಬೇಡ. ಮುರ್ತುಜಾಸಾಬರೇ ಕರೆದರು ಅನ್ನು.

ನಾನು ಮಾಡಿದ್ದು ತಪ್ಪು ಎಂದು ಬರೆಯಲು ಕುಳಿತಿಲ್ಲ, ಮಗಳೇ. ನಿನಗೆ ನೋವಾಗಿಲ್ಲ ಎಂದೂ ಅನ್ನುವುದಿಲ್ಲ. ಎರಡೂ ಖರೇ. ಎರಡನ್ನೂ ಇಟ್ಟುಕೊಂಡೇ ದಿನ ಕಳೆಯುತ್ತಿದ್ದೇನೆ.

ಹೊಟ್ಟೆ ತುಂಬ ಉಣ್ಣು, ತಣ್ಣೀರು ಮುಟ್ಟಬೇಡ. ನಿಮ್ಮ ಅತ್ತೆಯವರಿಗೆ ನನ್ನ ಶರಣು ಹೇಳು. ನಿನ್ನ ಮನೆತನ ನೂರ್ಕಾಲ ತಣ್ಣಗಿರಲಿ.

ನಿನ್ನವ್ವ,
ನೀಲವ್ವ

ತಾ.ಕ.: ಕಾಗದ ಮಡಚಿದವಳು ಮತ್ತೆ ಬಿಚ್ಚಿದೆ. ಮೊನ್ನೆ ನಿಮ್ಮಪ್ಪ ಗಜೇಂದ್ರಗಡಕ್ಕೆ ಹೋಗಿ ಬರುತ್ತೇನೆಂದು ಹೋದರು. ತಿರುಗಿ ಬಂದಾಗ ಅವರ ಅಂಗಿಯ ಹೆಗಲಿಗೆ ಬಜೆ, ಲೋಬಾನದ ವಾಸನೆ ಇತ್ತು. ಎಳೆಗೂಸನ್ನು ಹೆಗಲಿಗೆ ಹಾಕಿಕೊಂಡವರ ಅಂಗಿಗೆ ಮಾತ್ರ ಆ ವಾಸನೆ ಬರುತ್ತದೆ. ಹೇಳಬೇಡವೆಂದು ನೀನು ಆಣೆ ಹಾಕಿಸಿರಬೇಕು. ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಚೊಚ್ಚಲ ಬಾಣಂತನ ತವರಿನದು ಎಂದು ನೀನು ಮಲಗಲು ಹೊರಸು ನೇಯಿಸಿ ಇಟ್ಟಿದ್ದೆ. ಇರಲಿ. ಗಂಡೋ ಹೆಣ್ಣೋ, ಅದೊಂದನ್ನು ತಿಳಿಸು. ಆ ಅಂಗಿಯನ್ನು ನಾನಿನ್ನೂ ಒಗೆಯಲು ಹಾಕಿಲ್ಲ.